ಕುದುರೆಗೊಂದು ನ್ಯಾಯ, ಸವಾರನಿಗೊಂದು ನ್ಯಾಯ

ಅಂತರರಾಷ್ಟ್ರೀಯ ಅಶ್ವಸ್ಪರ್ಧೆಗಳಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿಯುಂಟು. ಹಲವು ದಿನ ನಡೆಯುವ 'ಈವೆಂಟಿಂಗ್' ಎಂಬ ಸ್ಪರ್ಧೆಯಲ್ಲಿ, ಆರಂಭಕ್ಕೆ ಮೊದಲು ಒಮ್ಮೆ, ಹಳ್ಳದಿಣ್ಣೆಗಳ ದೀರ್ಘ ಓಟ ಮುಗಿದ ಮೇಲೆ ಕೊನೆಯ ಜಿಗಿತಗಳಿಗೆ ಮುಂಚೆ ಮತ್ತೊಮ್ಮೆ, ಪ್ರತಿಯೊಂದು ಕುದುರೆಯನ್ನೂ ತೀರ್ಪುಗಾರರ ಮತ್ತು ಪಶುವೈದ್ಯರ ಎದುರಿಗೆ ಗಟ್ಟಿ ನೆಲದ ಮೇಲೆ ನಡೆಸಿ, ಓಡಿಸಿ ತೋರಿಸಬೇಕು. ಅದರ ಹೆಜ್ಜೆಯಲ್ಲಿ ಕುಂಟು ಕಂಡುಬಂದರೆ ಆ ಕುದುರೆಯು ಸ್ಪರ್ಧೆಗೆ ಅನರ್ಹವೆಂದು ನಿರ್ಧರಿಸುತ್ತಾರೆ. ಅದರ ಒಡೆಯನು ಎಷ್ಟೇ ಶ್ರೀಮಂತನಾಗಿರಲಿ, ಸವಾರನು ಎಷ್ಟೇ ಪ್ರಖ್ಯಾತನಾಗಿರಲಿ, ಈ ತೀರ್ಪಿಗೆ ಎದುರು ಮಾತಿಲ್ಲ. ಆದರೆ ಆ ಕುದುರೆಯ ಲಗಾಮನ್ನು ಹಿಡಿದು ಅದರ ಪಕ್ಕದಲ್ಲಿಯೇ ಓಡುವ ಸವಾರನು ಸ್ವತಃ ಕುಂಟುತ್ತಿದ್ದರೆ? ಆಗ ಪ್ರೇಕ್ಷಕರು ಅವನ ಕೆಚ್ಚನ್ನು ಮೆಚ್ಚಿ ಚಪ್ಪಾಳೆ ತಟ್ಟುತ್ತಾರೆ.

ಔಷಧದ ವಿಷಯದಲ್ಲಿಯೂ ಇದೇ ಭೇದವನ್ನು ಕಾಣಬಹುದು. ಕುದುರೆಗಳ ಕೀಲುನೋವಿಗೆ ಪಶುವೈದ್ಯರು ಕೊಡುವ ಫೆನೈಲ್‌ಬ್ಯುಟಜೋನ್ ಎಂಬ ಮದ್ದನ್ನು ತಿಂದ ಕುದುರೆಯು ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ ಸ್ಪರ್ಧೆಗಳಲ್ಲಿ ಭಾಗವಹಿಸುವಂತಿಲ್ಲ. ಈ ನಿಷೇಧಕ್ಕೆ ಕಾರಣ ಸ್ಪಷ್ಟವಾಗಿದೆ: ನೋವನ್ನು ಮುಚ್ಚಿಟ್ಟು ಓಡಿದ ಕುದುರೆ ತನ್ನ ಗಾಯವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಆದರೆ ಅದೇ ಬಗೆಯ ಕೆಲಸವನ್ನು ಮಾಡುವ ಐಬುಪ್ರೊಫೆನ್ ಗುಳಿಗೆಯನ್ನು ಸವಾರನು ನುಂಗಿ ಜೀನನ್ನೇರಿದರೆ ಅದನ್ನು ತಡೆಯುವ ನಿಯಮವಿಲ್ಲ. ಮಾತು ಬಾರದ ಪ್ರಾಣಿಗೆ ತೋರಿಸುವ ವಿವೇಕವನ್ನು ಮಾತು ಬಲ್ಲ ಪ್ರಾಣಿಗೆ ತೋರಿಸದಿರುವುದು ವಿಚಿತ್ರವಲ್ಲವೆ? ಈ ವೈಚಿತ್ರ್ಯದ ಫಲವನ್ನು ಹೆಚ್ಚಾಗಿ ಉಣ್ಣುವವರು ತರುಣ ಸವಾರರು, ಅದರಲ್ಲಿಯೂ ಕಾಲೇಜುಗಳ ಪರವಾಗಿ ಸವಾರಿ ಮಾಡುವ ವಿದ್ಯಾರ್ಥಿಗಳು, ಎಂಬುದು ನನ್ನ ಅಭಿಪ್ರಾಯ. ನಾನು ವೈದ್ಯನಲ್ಲ, ಭೌತವಿಜ್ಞಾನವನ್ನು ಪಾಠ ಹೇಳುವವನು. ಆದರೆ ಬೀಳುವುದು, ಅಪ್ಪಳಿಸುವುದು, ಕಂಪಿಸುವುದು ಇವೆಲ್ಲ ಭೌತವಿಜ್ಞಾನಕ್ಕೆ ಸೇರಿದ ವಿಷಯಗಳೇ ಆದ್ದರಿಂದ, ಅಲ್ಲಿಂದಲೇ ವಿಚಾರವನ್ನು ಆರಂಭಿಸಬಹುದು.

ಕಾಲೇಜಿನ ಸವಾರಿ ಎಂಬುದು ವ್ಯವಸ್ಥಿತವಾಗಿ ಬೆಳೆದಿರುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಅಲ್ಲಿ ೧೯೬೭ರಲ್ಲಿ ಅಂತರ ಕಾಲೇಜು ಅಶ್ವಪ್ರದರ್ಶನ ಸಂಘವು ಹುಟ್ಟಿತು. ಅದನ್ನು ಕಟ್ಟಲು ಮುಂದಾದವರು ಫೇರ್ಲೀ ಡಿಕಿನ್ಸನ್ ವಿಶ್ವವಿದ್ಯಾನಿಲಯದ ಒಬ್ಬ ವಿದ್ಯಾರ್ಥಿ. ಸ್ವಂತ ಕುದುರೆಯಿಲ್ಲದ ವಿದ್ಯಾರ್ಥಿಗೂ ಸ್ಪರ್ಧಿಸುವ ಅವಕಾಶವಿರಬೇಕೆಂಬುದು ಈ ಸಂಘದ ಉದಾರವಾದ ಧ್ಯೇಯ. ಅದಕ್ಕಾಗಿ ಸ್ಪರ್ಧೆ ನಡೆಸುವ ಕಾಲೇಜು ಕುದುರೆಗಳನ್ನು ಒದಗಿಸುತ್ತದೆ. ಯಾರಿಗೆ ಯಾವ ಕುದುರೆ ಎಂಬುದನ್ನು ಚೀಟಿಯೆತ್ತಿ ನಿರ್ಧರಿಸುತ್ತಾರೆ. ಹೀಗಾಗಿ ವಿದ್ಯಾರ್ಥಿಯು ತನಗೆ ಪರಿಚಯವೇ ಇಲ್ಲದ ಕುದುರೆಯನ್ನು ಏರಬೇಕಾಗುತ್ತದೆ. ಮುಂದೆ ೧೯೯೮ರಲ್ಲಿ ಅಲ್ಲಿನ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯು ಅಶ್ವಾರೋಹಣವನ್ನು ಮಹಿಳೆಯರ ಉದಯೋನ್ಮುಖ ಕ್ರೀಡೆಗಳ ಪಟ್ಟಿಗೆ ಸೇರಿಸಿತು. ಸವಾರಿಯ ಬಲದಿಂದ ವಿದ್ಯಾರ್ಥಿವೇತನ ಪಡೆಯುವ ತರುಣಿಯರು ಅನೇಕರಿದ್ದಾರೆ. ನಮ್ಮ ದೇಶದಲ್ಲಿಯೂ ಎನ್.ಸಿ.ಸಿ.ಯ ಅಶ್ವದಳಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ಸವಾರಿ ಕಲಿಯುತ್ತಾರೆ. ಬೆಂಗಳೂರಿನಲ್ಲಿಯೂ ಅಂತಹ ದಳವುಂಟು. ಆದ್ದರಿಂದ ಈ ಮಾತು ನಮಗೆ ತೀರ ಪರದೇಶದ್ದೇನೂ ಅಲ್ಲ.

ಈಗ ಬೀಳುವುದರ ಲೆಕ್ಕವನ್ನು ಮಾಡೋಣ. ಸಾಧಾರಣ ಎತ್ತರದ ಕುದುರೆಯ ಮೇಲೆ ನೆಟ್ಟಗೆ ಕುಳಿತವನ ತಲೆ ನೆಲದಿಂದ ಸುಮಾರು ೨.೫ ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದ ವಸ್ತುವು ನೆಲವನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ೭ ಮೀಟರ್, ಎಂದರೆ ಗಂಟೆಗೆ ಸುಮಾರು ೨೫ ಕಿಲೋಮೀಟರ್. ಇದಕ್ಕೆ ಹಿಡಿಯುವ ಕಾಲ ಒಂದು ಸೆಕೆಂಡಿನ ಮುಕ್ಕಾಲು ಪಾಲಿಗಿಂತಲೂ ಕಡಿಮೆ. ಇದು ನಿಂತ ಕುದುರೆಯಿಂದ ಬಿದ್ದಾಗಿನ ಲೆಕ್ಕ. ಕುದುರೆ ನಾಗಾಲೋಟದಲ್ಲಿದ್ದರೆ ಅದರ ವೇಗವೂ ಸವಾರನ ದೇಹದಲ್ಲಿ ಸೇರಿಕೊಂಡಿರುತ್ತದೆ. ಇನ್ನು ಕುದುರೆಯ ತೂಕವೋ, ಸುಮಾರು ೫೦೦ ಕಿಲೋಗ್ರಾಂ. ಅದು ಸವಾರನ ಮೇಲೆಯೇ ಉರುಳಿದರೆ ಆಗುವ ಅನಾಹುತವನ್ನು ಲೆಕ್ಕ ಹಾಕಿ ತೋರಿಸಬೇಕಾಗಿಲ್ಲ.

ಗಾಯವನ್ನುಂಟುಮಾಡುವುದು ವೇಗವಲ್ಲ, ವೇಗವು ನಿಲ್ಲುವ ಬಗೆ. ಸೆಕೆಂಡಿಗೆ ೭ ಮೀಟರ್ ವೇಗದ ತಲೆಯು ಗಟ್ಟಿ ನೆಲಕ್ಕೆ ತಾಗಿ ಒಂದು ಸೆಂಟಿಮೀಟರ್ ದೂರದೊಳಗೆ ನಿಂತರೆ, ಅದಕ್ಕೆ ಒದಗುವ ಸರಾಸರಿ ವೇಗಕುಗ್ಗು ಗುರುತ್ವ ವೇಗೋತ್ಕರ್ಷದ ೨೫೦ ಪಟ್ಟು. ಅದೇ ತಲೆಯು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ನಿಂತರೆ ೧೦೦ ಪಟ್ಟು. ಶಿರಸ್ತ್ರಾಣದ ಒಳಗಿರುವ ಪಾಲಿಸ್ಟೈರೀನ್ ನೊರೆಯ ಪದರವು ಮಾಡುವ ಉಪಕಾರವೆಲ್ಲ ಇಷ್ಟೇ: ತಾನು ಜಜ್ಜಿಹೋಗಿ ತಲೆಗೆ ನಿಲ್ಲಲು ಸ್ವಲ್ಪ ಹೆಚ್ಚು ದೂರವನ್ನು ಕೊಡುತ್ತದೆ. ಒಮ್ಮೆ ಜಜ್ಜಿದ ಪದರವು ಮತ್ತೆ ಮೊದಲಿನಂತಾಗುವುದಿಲ್ಲ. ಆದಕಾರಣವೇ ಒಂದು ಬಲವಾದ ಪೆಟ್ಟನ್ನು ತಿಂದ ಶಿರಸ್ತ್ರಾಣವು ಹೊರಗೆ ಚೆನ್ನಾಗಿಯೇ ಕಂಡರೂ ಅದನ್ನು ಎಸೆಯಬೇಕು. ಕೆಲವು ಮಿಲಿಮೀಟರುಗಳ ಬೆಲೆಯನ್ನು ಅರಿಯದವರು ಮಾತ್ರ ಅದನ್ನು ಮತ್ತೆ ತಲೆಗೇರಿಸುತ್ತಾರೆ.

ಆದರೆ ಶಿರಸ್ತ್ರಾಣದ ಶಕ್ತಿಗೂ ಒಂದು ಮಿತಿಯಿದೆ. ಅದು ತಲೆಬುರುಡೆಯನ್ನು ಒಡೆಯದಂತೆ ಕಾಯುವಷ್ಟು ಚೆನ್ನಾಗಿ ಮೆದುಳನ್ನು ಕಾಯಲಾರದು. ಓರೆಯಾಗಿ ಬಿದ್ದ ತಲೆಯು ನಿಲ್ಲುವುದಷ್ಟೇ ಅಲ್ಲದೆ ಗಿರ್ರನೆ ತಿರುಗಲೂ ತೊಡಗುತ್ತದೆ. ಬುರುಡೆಯೊಡನೆ ಮೃದುವಾದ ಮೆದುಳು ಅಷ್ಟೇ ಬೇಗ ತಿರುಗಲಾರದೆ ಹಿಂದುಳಿದು, ಅದರ ನರತಂತುಗಳು ಹಿಗ್ಗಿ ಜಗ್ಗುತ್ತವೆ. ಕನ್ಕಷನ್ ಎಂದು ವೈದ್ಯರು ಕರೆಯುವ ಮೆದುಳಿನ ಅದುರುಪೆಟ್ಟಿಗೆ ಇದು ಮುಖ್ಯವಾದ ಕಾರಣ. ಈ ಪೆಟ್ಟು ಬಿದ್ದವರೆಲ್ಲ ಪ್ರಜ್ಞೆ ತಪ್ಪುತ್ತಾರೆಂಬುದು ಒಂದು ತಪ್ಪು ತಿಳಿವಳಿಕೆ. ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ತಲೆನೋವು, ಮಂಪರು, ಬೆಳಕನ್ನು ಸಹಿಸದಿರುವುದು, ಓದಿದ್ದು ನೆನಪಿನಲ್ಲಿ ನಿಲ್ಲದಿರುವುದು ಮುಂತಾದ ಲಕ್ಷಣಗಳು ಕೆಲವು ಗಂಟೆಗಳ ಅನಂತರವೂ ತಲೆದೋರಬಹುದು. ಸಾಧಾರಣ ಎಕ್ಸ್-ರೇಯಲ್ಲಾಗಲಿ ಸಿ.ಟಿ. ಚಿತ್ರದಲ್ಲಾಗಲಿ ಇದು ಕಾಣಿಸುವುದಿಲ್ಲ. ಮುಖ್ಯವಾದ ಸಂಗತಿಯೇನೆಂದರೆ, ಪೆಟ್ಟು ತಿಂದಿರುವ ಅಂಗವೂ ತೀರ್ಮಾನ ಮಾಡಬೇಕಾದ ಅಂಗವೂ ಒಂದೇ! "ನನಗೇನೂ ಆಗಿಲ್ಲ" ಎಂದು ಸವಾರನು ಹೇಳಿದರೆ, ಆ ಮಾತಿಗೆ ಆ ಹೊತ್ತಿನಲ್ಲಿ ಎಷ್ಟು ಬೆಲೆ ಕೊಡಬಹುದೆಂಬುದನ್ನು ಓದುಗರೇ ಊಹಿಸಬಹುದು.

ಸವಾರರ ಲೋಕದಲ್ಲಿ ಬಹು ಕಾಲದಿಂದ ನಡೆದುಬಂದ ಒಂದು ಉಪದೇಶವಿದೆ: ಬಿದ್ದವನು ತಡಮಾಡದೆ ಮತ್ತೆ ಕುದುರೆಯೇರಬೇಕು, ಇಲ್ಲದಿದ್ದರೆ ಭಯ ಮನಸ್ಸಿನಲ್ಲಿ ಮನೆಮಾಡುತ್ತದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂದು ನಾವು ಯಾರನ್ನು ನೋಡಿ ನಗುತ್ತೇವೆಯೋ, ಅಂಥವರನ್ನು ಈ ಉಪದೇಶವು ಆದರ್ಶವಾಗಿ ಎತ್ತಿಹಿಡಿಯುತ್ತದೆ. ಇದರಲ್ಲಿ ಸತ್ಯಾಂಶವೇ ಇಲ್ಲವೆಂದು ನಾನು ಹೇಳುವುದಿಲ್ಲ. ಭಯಪಟ್ಟು ದೂರವಿದ್ದಷ್ಟೂ ಭಯ ಬಲಿಯುತ್ತದೆಂಬುದು ಮನಶ್ಶಾಸ್ತ್ರವು ಒಪ್ಪಿರುವ ಮಾತು. ಆದರೆ ಭಯವನ್ನು ಗೆಲ್ಲಲು ಇಂದೇ, ಈ ಗಳಿಗೆಯಲ್ಲಿಯೇ ಏರಬೇಕೆಂಬುದು ಎಲ್ಲಿಂದ ಬಂತು? ತಲೆಗೆ ಪೆಟ್ಟಾಗಿರಬಹುದೆಂಬ ಶಂಕೆಯಿದ್ದ ದಿನ ಮತ್ತೆ ಸವಾರಿ ಮಾಡಕೂಡದೆಂಬ ವಿಷಯದಲ್ಲಿ ಇಂದು ತಜ್ಞರಲ್ಲಿ ಭಿನ್ನಾಭಿಪ್ರಾಯವಿಲ್ಲ. ಚೇತರಿಸಿಕೊಳ್ಳದ ಮೆದುಳಿನವನು ಸಮತೋಲ ತಪ್ಪಿ ಇನ್ನೊಮ್ಮೆ ಬೀಳುವ ಸಂಭವ ಹೆಚ್ಚು. ಆ ಎರಡನೆಯ ಪೆಟ್ಟು, ಅಪರೂಪಕ್ಕಾದರೂ, ತರುಣರಲ್ಲಿ ಮೆದುಳು ಬಾತು ಪ್ರಾಣಕ್ಕೇ ಸಂಚಕಾರವಾಗಬಹುದು. ಅಮೆರಿಕದಲ್ಲಿ ೨೦೦೭ರಿಂದ ೨೦೧೬ರವರೆಗೆ ಕುದುರೆ ಸವಾರಿಯಿಂದ ಗಾಯಗೊಂಡು ಅಪಘಾತ ಚಿಕಿತ್ಸಾಲಯಗಳಿಗೆ ಬಂದ ಸುಮಾರು ೨೫ ಸಾವಿರ ಮಂದಿಯ ದಾಖಲೆಗಳನ್ನು ಪರಿಶೀಲಿಸಿದಾಗ, ಎದೆಯ ಗಾಯಗಳೇ ಎಲ್ಲಕ್ಕಿಂತ ಹೆಚ್ಚೆಂದು ಕಂಡುಬಂದಿತು. ಆದರೆ ಮೃತರಾದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಗೆ ತಲೆಗೆ ಅಥವಾ ಕುತ್ತಿಗೆಗೆ ಪೆಟ್ಟಾಗಿತ್ತು.

ಹಾಗಾದರೆ ಬಿದ್ದವರು ನೋವು ಪೂರ್ತಿಯಾಗಿ ಹೋಗುವವರೆಗೂ ಹಾಸಿಗೆಯಲ್ಲಿ ಮಲಗಿರಬೇಕೆ? ಇದು ಎರಡನೆಯ ತಪ್ಪು. ಮೊದಲನೆಯದಕ್ಕಿಂತ ಕಡಿಮೆಯದೇನೂ ಅಲ್ಲ. ಒಂದು ಕಾಲದಲ್ಲಿ ಅದುರುಪೆಟ್ಟಿಗೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದೇ ಚಿಕಿತ್ಸೆಯೆಂದು ತಿಳಿದಿದ್ದರು. ೨೦೨೨ರಲ್ಲಿ ಆಂಸ್ಟರ್‌ಡಾಂ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ತಜ್ಞರ ಸಮ್ಮೇಳನವು ಈ ಪದ್ಧತಿಯನ್ನು ಬಿಡಬೇಕೆಂದು ತಿಳಿಸಿದೆ. ಮೊದಲ ಒಂದೆರಡು ದಿನ ಮಿತವಾದ ವಿಶ್ರಾಂತಿ. ಅನಂತರ ನಡಿಗೆಯಂತಹ ಹಗುರವಾದ ಚಟುವಟಿಕೆ. ಆಮೇಲೆ ಆರು ಮೆಟ್ಟಿಲುಗಳಲ್ಲಿ ಕ್ರೀಡೆಗೆ ಹಿಂತಿರುಗುವುದು. ಒಂದೊಂದು ಮೆಟ್ಟಿಲಿಗೂ ಕಡಮೆಯೆಂದರೆ ೨೪ ಗಂಟೆಗಳ ಕಾಲ ಕೊಡಬೇಕು. ಮತ್ತೆ ಬೀಳುವ ಅಪಾಯವಿರುವ ಮೆಟ್ಟಿಲನ್ನು ವೈದ್ಯರ ಒಪ್ಪಿಗೆಯಿಲ್ಲದೆ ಏರಕೂಡದು. ಸವಾರನಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಓಟಗಾರನು ತಾನು ಬಯಸಿದಾಗ ನಿಲ್ಲಬಹುದು. ಕುದುರೆ ನಿಲ್ಲುವುದು ಕುದುರೆಗೆ ಬಿಟ್ಟ ವಿಷಯ.

ವಿಶ್ರಾಂತಿಯೂ ಬಿಟ್ಟಿಯಾಗಿ ಸಿಕ್ಕುವುದಿಲ್ಲ. ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ ೧೮೯೨ರಲ್ಲಿ ಪ್ರತಿಪಾದಿಸಿದನು. ಭಾರವಿಲ್ಲದ ಸ್ಥಿತಿಯಲ್ಲಿ ತೇಲುವ ವ್ಯೋಮಯಾತ್ರಿಗಳ ಸೊಂಟ, ತೊಡೆ ಮುಂತಾದ ಭಾರ ಹೊರುವ ಮೂಳೆಗಳು ತಿಂಗಳಿಗೆ ಸುಮಾರು ಶೇಕಡಾ ಒಂದರಿಂದ ಒಂದೂವರೆಯಷ್ಟು ಸತ್ತ್ವವನ್ನು ಕಳೆದುಕೊಳ್ಳುತ್ತವೆಂಬುದು ಈ ತತ್ತ್ವಕ್ಕೆ ನಮ್ಮ ಕಾಲದ ನಿದರ್ಶನ. ಹಾಸಿಗೆಯ ಮೇಲೆ ತಿಂಗಳುಗಟ್ಟಲೆ ಮಲಗಿದವನೂ ಇದೇ ದಾರಿಯ ಪ್ರಯಾಣಿಕ. ಇಲ್ಲಿ ಜೀವಂತ ದೇಹಕ್ಕೂ ಜಡವಸ್ತುವಿಗೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕಬ್ಬಿಣದ ಸರಳನ್ನು ಮತ್ತೆಮತ್ತೆ ಬಗ್ಗಿಸಿದರೆ ಅದು ಆಯಾಸಗೊಂಡು ಮುರಿಯುತ್ತದೆ. ಅದಕ್ಕೆ ವಿಶ್ರಾಂತಿ ಕೊಟ್ಟರೂ ಪ್ರಯೋಜನವಿಲ್ಲ. ಮೂಳೆಯಾದರೋ ದುಡಿದಾಗ ಸವೆಯುತ್ತದೆ, ಬಿಡುವಿನಲ್ಲಿ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಸವೆತವು ರಿಪೇರಿಯನ್ನು ಮೀರಿದಾಗ ಮಾತ್ರ ಅದು ಬಿರುಕು ಬಿಡುತ್ತದೆ. ದುಡಿಮೆ, ಬಿಡುವು ಎರಡೂ ಬೇಕು. ಪ್ರಶ್ನೆಯೆಲ್ಲ ಅವುಗಳ ಪ್ರಮಾಣವನ್ನು ಕುರಿತದ್ದು.

ಸವಾರರ ಸೊಂಟನೋವಿನ ಪ್ರಶ್ನೆಯೂ ಈ ಪ್ರಮಾಣದ ಪ್ರಶ್ನೆಯೇ. ಟ್ರಾಟ್ ಎಂದು ಸವಾರರು ಕರೆಯುವ ಕುಲುಕು ಓಟದಲ್ಲಿ ಕುದುರೆಯ ಬೆನ್ನು ಸೆಕೆಂಡಿಗೆ ಎರಡೂವರೆಯಿಂದ ಮೂರು ಸಲ ಮೇಲೆದ್ದು ಕೆಳಗಿಳಿಯುತ್ತದೆ. ಜೀನಿಗೆ ಅಂಟಿ ಕುಳಿತವನು ಒಂದು ಗಂಟೆಯಲ್ಲಿ ೯ ಸಾವಿರದಿಂದ ಸುಮಾರು ೧೧ ಸಾವಿರ ಕುಲುಕುಗಳನ್ನು ತನ್ನ ಬೆನ್ನೆಲುಬಿನಲ್ಲಿ ತಾಳಿಕೊಳ್ಳಬೇಕು. ಕುಳಿತ ಮನುಷ್ಯನ ದೇಹವು ಮೇಲೆ ಕೆಳಗೆ ತನ್ನಷ್ಟಕ್ಕೆ ಕಂಪಿಸುವ ಆವರ್ತಾಂಕ ಸೆಕೆಂಡಿಗೆ ಸುಮಾರು ೪ರಿಂದ ೬. ಇವೆರಡೂ ಸಮವಲ್ಲವಾದರೂ ಬಹಳ ದೂರವೂ ಅಲ್ಲ. ಅನುರಣನದ ಪಾಠವನ್ನು ಓದಿದವರಿಗೆ ಇದರ ಅರ್ಥ ತಿಳಿಯುತ್ತದೆ: ಕುದುರೆಯಿಂದ ಬಂದ ಕುಲುಕನ್ನು ದೇಹವು ಕುಗ್ಗಿಸುವುದಕ್ಕೆ ಬದಲಾಗಿ ಸ್ವಲ್ಪ ಹಿಗ್ಗಿಸಿಯೇ ತಲೆಯ ಕಡೆಗೆ ಕಳುಹಿಸುವ ಪ್ರವೃತ್ತಿ ಇಲ್ಲಿದೆ. ಅದನ್ನು ತಡೆಯುವ ಕೆಲಸ ಹೊಟ್ಟೆಯ ಮತ್ತು ಬೆನ್ನಿನ ಸ್ನಾಯುಗಳದು. ಅವು ದಣಿದಾಗ, ಅಥವಾ ಹಳೆಯ ಗಾಯದಿಂದ ಸೋತಿರುವಾಗ, ಕುಲುಕಿನ ಹೊರೆ ನೇರವಾಗಿ ಬೆನ್ನುಮೂಳೆಯ ಬಿಲ್ಲೆಗಳ ಮೇಲೆ ಬೀಳುತ್ತದೆ. ಬ್ರಿಟನ್ನಿನಲ್ಲಿ ಸ್ಪರ್ಧಾಳು ಸವಾರರನ್ನು ವಿಚಾರಿಸಿ ನಡೆಸಿದ ಸಮೀಕ್ಷೆಗಳಲ್ಲಿ ಬಹುಮಂದಿ ತಾವು ನೋವಿನಲ್ಲಿಯೇ ಸವಾರಿ ಮಾಡುತ್ತಿರುವುದಾಗಿ ಹೇಳಿದರು. ಅವರು ಹೆಚ್ಚಾಗಿ ತೋರಿಸಿದ ಜಾಗ ಸೊಂಟ.

ಇನ್ನು ಅತ್ಯಂತ ಕಠಿಣವಾದ ಭಾಗಕ್ಕೆ ಬರೋಣ. ಮುರಿದ ಮಣಿಕಟ್ಟು ಅಥವಾ ಕಾಲರ್ ಬೋನ್ ಎನ್ನುವ ಹೆಗಲಿನ ಅಡ್ಡೆಲುಬು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಮೊಣಕಾಲ ಕೆಳಗಿನ ದಪ್ಪ ಮೂಳೆಗೆ ಇನ್ನೂ ಹೆಚ್ಚು ಕಾಲ ಬೇಕು. ರಕ್ತದ ಸರಬರಾಜು ಕಡಿಮೆಯಿರುವ ಅಸ್ಥಿಬಂಧಗಳು ಮತ್ತಷ್ಟು ನಿಧಾನ. ಆದರೆ ಮೂಳೆ ಕೂಡಿ, ಬಾವು ಇಳಿದು, ವೈದ್ಯರು "ಎಲ್ಲ ಸರಿಯಾಗಿದೆ" ಎಂದ ಮೇಲೂ ಕೆಲವರಿಗೆ ನೋವು ಮಾತ್ರ ಹೋಗುವುದಿಲ್ಲ. ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದ ಅಥವಾ ಮರುಕಳಿಸುತ್ತಿರುವ ನೋವನ್ನು ದೀರ್ಘಕಾಲದ ನೋವೆಂದು ಕರೆಯುತ್ತಾರೆ. ೨೦೨೨ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕವಾದ ಸ್ಥಾನವೇ ದೊರೆತಿದೆ. ಕಾಲೇಜಿನ ಆವರಣದಲ್ಲಿ ಮಾತ್ರ ಇಂಥ ವಿದ್ಯಾರ್ಥಿಗೆ ಸುಲಭವಾಗಿ ಸ್ಥಾನ ದೊರೆಯುವುದಿಲ್ಲ. ಚಿತ್ರದಲ್ಲಿ ಏನೂ ಕಾಣುವುದಿಲ್ಲ; ಕೈಗೆ ಕಟ್ಟೂ ಇಲ್ಲ, ಕಂಕುಳಲ್ಲಿ ಊರುಗೋಲೂ ಇಲ್ಲ. ಆದ್ದರಿಂದ ಅದು ಸೋಮಾರಿತನ, ಇಲ್ಲವೆ ಅಂಜಿಕೆ, ಇಲ್ಲವೆ ನಟನೆ ಎಂದು ಜನ ತೀರ್ಮಾನಿಸಿಬಿಡುತ್ತಾರೆ.

ಅಳೆಯಲಾಗದ್ದು ಇಲ್ಲವೇ ಇಲ್ಲ ಎಂಬ ಈ ತರ್ಕವನ್ನು ವಿಜ್ಞಾನದ ಹೆಸರಿನಲ್ಲಿ ಹೇಳುವವರುಂಟು. ವಿಜ್ಞಾನವು ಹಾಗೆ ಹೇಳುವುದಿಲ್ಲ. ಸಭಾಭವನದ ಧ್ವನಿವರ್ಧಕವು ಇದ್ದಕ್ಕಿದ್ದಂತೆ ಕಿವಿ ಬಿರಿಯುವಂತೆ ಊಳಿಡುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಹೊತ್ತಿನಲ್ಲಿ ವೇದಿಕೆಯ ಮೇಲೆ ಯಾರೂ ಮಾತಾಡುತ್ತಿರುವುದಿಲ್ಲ. ಧ್ವನಿವರ್ಧಕದಿಂದ ಹೊರಟ ಸಣ್ಣ ಸದ್ದು ಮೈಕಿಗೆ ಹೋಗಿ, ಅಲ್ಲಿ ಹಿಗ್ಗಿ ಮತ್ತೆ ಹೊರಗೆ ಬಂದು, ಹೀಗೆ ಸುತ್ತಿಸುತ್ತಿ ಬೆಳೆದು ಕೂಗಾಗುತ್ತದೆ. ಆಗ ಭಾಷಣಕಾರನ ಗಂಟಲನ್ನು ಪರೀಕ್ಷಿಸಿದರೆ ಯಾವ ದೋಷವೂ ಸಿಕ್ಕುವುದಿಲ್ಲ. ಆದರೆ ಕೂಗು ಸುಳ್ಳೆಂದು ಯಾರೂ ಹೇಳರು. ಪರಿಹಾರವಿರುವುದು ಗಂಟಲಿನಲ್ಲಲ್ಲ, ಹಿಗ್ಗಿಸುವ ಯಂತ್ರದ ತಿರುಪಿನಲ್ಲಿ. ನರಮಂಡಲದಲ್ಲಿಯೂ ಇಂತಹ ತಿರುಪುಗಳಿವೆಯೆಂದು ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬಿಬ್ಬರು ೧೯೬೫ರಲ್ಲಿ ಸೂಚಿಸಿದರು. ನೋವಿನ ಸುದ್ದಿಯನ್ನು ಬೆನ್ನುಹುರಿಯು ಮೆದುಳಿಗೆ ಹಾಗೆಯೇ ದಾಟಿಸುವುದಿಲ್ಲ. ಅಲ್ಲೊಂದು ಬಾಗಿಲಿದ್ದು, ಅದನ್ನು ತೆರೆಯುವ ಮುಚ್ಚುವ ಪ್ರಭಾವಗಳು ದೇಹದಿಂದಲೂ ಮೆದುಳಿನಿಂದಲೂ ಬರುತ್ತವೆ ಎಂಬುದು ಅವರ ವಾದ. ಅದರ ವಿವರಗಳು ಆಮೇಲೆ ಬಹಳ ತಿದ್ದುಪಡಿಗೊಂಡರೂ ಮೂಲ ವಿಚಾರ ಉಳಿದಿದೆ. ೧೯೮೩ರಲ್ಲಿ ಕ್ಲಿಫರ್ಡ್ ವೂಲ್ಫ್, ಗಾಯದ ಅನಂತರ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗಬಲ್ಲವೆಂಬುದನ್ನು ಪ್ರಯೋಗದಿಂದ ತೋರಿಸಿದರು. ಎಂದರೆ, ಗಾಯ ಮಾದರೂ ತಿರುಪು ಮೇಲೆಯೇ ಉಳಿದುಬಿಡಬಹುದು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿ ಕೆಲಸ ಮಾಡಿದ ಅಮೆರಿಕದ ವೈದ್ಯ ಹೆನ್ರಿ ಬೀಚರ್, ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ನೋವಿನ ಮದ್ದು ಬೇಡವೆಂದರೆಂದು ೧೯೪೬ರಲ್ಲಿ ಬರೆದನು. ದೊಡ್ಡ ಗಾಯವಿದ್ದೂ ನೋವು ಕಡಿಮೆಯಿರಬಹುದು. ಗಾಯವೇ ಕಾಣದೆ ನೋವು ದೊಡ್ಡದಿರಬಹುದು. ಹಾಗಿದ್ದ ಮೇಲೆ ಬಿದ್ದ ಕೂಡಲೆ ಎದ್ದು ನಿಂತ ಸವಾರನ ಧೈರ್ಯವು ಅವನಿಗೆ ಗಾಯವಾಗಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಆರು ತಿಂಗಳ ಅನಂತರ ನರಳುವವಳ ಸ್ವಚ್ಛವಾದ ಎಕ್ಸ್-ರೇಯು ಅವಳಿಗೆ ನೋವಿಲ್ಲವೆಂಬುದಕ್ಕೂ ಸಾಕ್ಷಿಯಲ್ಲ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು ೨೦೨೦ರಲ್ಲಿ ಪರಿಷ್ಕರಿಸಿದ ತನ್ನ ವ್ಯಾಖ್ಯಾನದ ಜೊತೆಗೆ, ನೋವಿದೆಯೆಂದು ಹೇಳುವವರ ಮಾತನ್ನು ಗೌರವಿಸಬೇಕೆಂದು ಸ್ಪಷ್ಟವಾಗಿ ಸೇರಿಸಿತು. ನೋವೆಂಬ ಅಳತೆಯನ್ನು ಓದಬಲ್ಲವರು ಒಬ್ಬರೇ. ಆ ಒಬ್ಬರನ್ನೇ ನಂಬದಿದ್ದರೆ ನಮ್ಮ ಬಳಿ ಬೇರೆ ಮಾಪಕವಿಲ್ಲ.

ತಿರುಪನ್ನು ಇಳಿಸುವ ಬಗೆ ಹೇಗೆ? ಇಲ್ಲಿಯೂ ಪವಾಡಗಳಿಲ್ಲ. ಕ್ರಮವಾಗಿ ಹೆಚ್ಚಿಸುವ ವ್ಯಾಯಾಮ, ಸರಿಯಾದ ನಿದ್ರೆ, ನೋವಿನ ಸ್ವರೂಪವನ್ನು ತಿಳಿಸಿಹೇಳುವುದು, ಭಯವನ್ನು ಕಡಿಮೆ ಮಾಡುವ ಮನೋಚಿಕಿತ್ಸೆ, ಅಗತ್ಯವಿದ್ದಷ್ಟು ಔಷಧ. ಅಫೀಮಿನ ವರ್ಗದ ಮದ್ದುಗಳನ್ನು ದೀರ್ಘಕಾಲದ ನೋವಿಗೆ ಮೊದಲ ಉಪಾಯವಾಗಿ ಬಳಸಕೂಡದೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರವು ೨೦೧೬ರಲ್ಲಿ ಸೂಚಿಸಿತು; ಅಷ್ಟರಲ್ಲಿ ಆ ದೇಶದಲ್ಲಿ ಅವುಗಳ ಚಟಕ್ಕೆ ಸಾವಿರಾರು ಮಂದಿ ಬಲಿಯಾಗಿದ್ದರು. ಚೇತರಿಕೆಗೆ ಬೇಕಾದ ಈ ಕ್ರಮಗಳೆಲ್ಲ ಕಾಲವನ್ನು ಬೇಡುತ್ತವೆ. ಕಾಲೇಜಿನ ವಿದ್ಯಾರ್ಥಿಯ ಬಳಿ ಇಲ್ಲದಿರುವುದು ಇದೊಂದೇ. ಸ್ಪರ್ಧೆಯ ಋತು ಕೆಲವೇ ತಿಂಗಳು. ಪದವಿಯ ಕಾಲ ನಾಲ್ಕೇ ವರ್ಷ. ತಂಡದಲ್ಲಿ ಸ್ಥಾನ ಹೋದರೆ ವಿದ್ಯಾರ್ಥಿವೇತನದ ಚಿಂತೆ. ಹೀಗಿರುವಾಗ ನೋವನ್ನು ಬಾಯಿಬಿಟ್ಟು ಹೇಳಿದವರಿಗೆ ನಷ್ಟ, ಮುಚ್ಚಿಟ್ಟವರಿಗೆ ಲಾಭ ಎಂಬ ವ್ಯವಸ್ಥೆಯನ್ನು ನಾವೇ ಕಟ್ಟಿಟ್ಟು, ಆಮೇಲೆ "ಮೊದಲೇ ಏಕೆ ಹೇಳಲಿಲ್ಲ?" ಎಂದು ಕೇಳುವುದು ನ್ಯಾಯವಲ್ಲ.

ಇದಕ್ಕೆ ಕೆಲವರು ಆಕ್ಷೇಪಿಸಬಹುದು. ಸವಾರಿಯೆಂಬುದು ಸ್ವಇಚ್ಛೆಯಿಂದ ಕೈಕೊಂಡ ಸಾಹಸ. ಅಪಾಯವನ್ನು ತಿಳಿದೇ ಏರುತ್ತಾರೆ. ಎಲ್ಲದಕ್ಕೂ ನಿಯಮ ಹಾಕಿದರೆ ಕೆಚ್ಚು ಉಳಿಯುವುದೆಂತು? ಎಂದು. ಕೆಚ್ಚಿನ ಮಾತು ಬಂದಾಗ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರನ್ನು ನೆನೆಯದಿರಲಾಗದು. ೧೯೪೪ರಲ್ಲಿ ಪೋಲಿಯೋ ತಗಲಿ ಮೊಣಕಾಲಿನ ಕೆಳಗೆ ಶಕ್ತಿ ಕಳೆದುಕೊಂಡ ಈ ಮಹಿಳೆ ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿಯೂ ೧೯೫೬ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಅಶ್ವಸ್ಪರ್ಧೆಗಳಲ್ಲಿಯೂ ಬೆಳ್ಳಿಯ ಪದಕ ಗೆದ್ದರು. ಕುದುರೆಯನ್ನು ಏರಲು, ಇಳಿಯಲು ಅವರಿಗೆ ಇತರರ ನೆರವು ಬೇಕಾಗಿತ್ತು. ಈ ಕಥೆಯನ್ನು ಕೆಚ್ಚಿನ ಉದಾಹರಣೆಯಾಗಿ ಹೇಳುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ: ರೋಗಕ್ಕೂ ಮೊದಲ ಪದಕಕ್ಕೂ ನಡುವೆ ಎಂಟು ವರ್ಷಗಳಿದ್ದವು, ಅವರು ತಮ್ಮ ಸ್ಥಿತಿಯನ್ನು ಮುಚ್ಚಿಡದೆ, ಬೇಕಾದ ನೆರವನ್ನು ಎಲ್ಲರೆದುರಿಗೆ ಪಡೆದರು. ಕೆಚ್ಚಿಗೆ ತಾಳ್ಮೆಯು ಶತ್ರುವಲ್ಲ. ಅಪಾಯವನ್ನು ತಿಳಿದು ಏರುವ ಸ್ವಾತಂತ್ರ್ಯವೂ, ಗಾಯವನ್ನು ತಿಳಿಸಿ ಇಳಿಯುವ ಸ್ವಾತಂತ್ರ್ಯವಿದ್ದಾಗಲೇ ಪೂರ್ಣವಾಗುತ್ತದೆ.

ಮಾಡತಕ್ಕದ್ದೇನೂ ಅಸಾಧ್ಯವಾದುದಲ್ಲ. ಮೊದಲನೆಯದಾಗಿ, ಬಿದ್ದವರು ಮತ್ತೆ ಏರಬಹುದೆ ಎಂಬ ತೀರ್ಮಾನವು ಸವಾರನ ಕೈಯಲ್ಲೂ ಇರಬಾರದು, ಗೆಲ್ಲಬೇಕೆಂದಿರುವ ತರಬೇತುದಾರನ ಕೈಯಲ್ಲೂ ಇರಬಾರದು. ಗೆಲವು ಸೋಲುಗಳ ಹಂಗಿಲ್ಲದ ವೈದ್ಯರಿಗೆ ಅದನ್ನು ಬಿಡಬೇಕು. ಎರಡನೆಯದಾಗಿ, ಕಾಲೇಜುಗಳು ಮುರಿದ ಮೂಳೆಗಳನ್ನು ಮಾತ್ರ ಲೆಕ್ಕವಿಡದೆ, ಪ್ರತಿಯೊಂದು ಬೀಳುವಿಕೆಯನ್ನೂ ಬರೆದಿಟ್ಟು, ಮೂರು ತಿಂಗಳ ಅನಂತರ ಆ ವಿದ್ಯಾರ್ಥಿಯನ್ನು ಕರೆದು "ಈಗ ಹೇಗಿದೆ?" ಎಂದು ವಿಚಾರಿಸಬೇಕು. ಒಂದು ನೋಟ್ ಪುಸ್ತಕ ಸಾಕಾಗುವ ಕೆಲಸವಿದು. ಮೂರನೆಯದಾಗಿ, ಹಿಂತಿರುಗುವ ಮೆಟ್ಟಿಲುಗಳನ್ನು ಸವಾರಿಗೆ ತಕ್ಕಂತೆ ಹಾಕಿಕೊಡಬೇಕು: ಮೊದಲು ನಡಿಗೆ, ಅನಂತರ ಲಾಯದ ಹಗುರ ಕೆಲಸ, ಆಮೇಲೆ ಪರಿಚಿತವಾದ ಸಾಧು ಕುದುರೆಯ ಮೇಲೆ ನಿಧಾನ ನಡೆ, ಮುಂದೆ ಕುಲುಕು ಓಟ, ಎಲ್ಲಕ್ಕಿಂತ ಕೊನೆಗೆ ಜಿಗಿತ. ಚೀಟಿಯಲ್ಲಿ ಬಂದ ಅಪರಿಚಿತ ಕುದುರೆಯನ್ನು ಈ ಮೆಟ್ಟಿಲುಗಳ ತುದಿಯಲ್ಲಿಡಬೇಕೇ ಹೊರತು ಮೊದಲಲ್ಲಲ್ಲ. ನಾಲ್ಕನೆಯದಾಗಿ, ಗಾಯಗೊಂಡ ಕಾರಣಕ್ಕೆ ವಿದ್ಯಾರ್ಥಿವೇತನವನ್ನು ಕಳೆಯಬಾರದು. ಹಾಜರಿ, ಪರೀಕ್ಷೆಗಳಲ್ಲಿ ಸೌಕರ್ಯ ಕಲ್ಪಿಸಬೇಕು. ಅಮೆರಿಕದಲ್ಲಿ ೧೯೭೩ರ ಪುನರ್ವಸತಿ ಶಾಸನ ಮತ್ತು ೧೯೯೦ರ ಅಂಗವಿಕಲರ ಶಾಸನಗಳು ಕಾಲೇಜುಗಳ ಮೇಲೆ ಇಂತಹ ಹೊಣೆಯನ್ನು ಹೊರಿಸಿವೆ. ಶಾಸನವಿದ್ದರೂ ಅದನ್ನು ಕೇಳಿ ಪಡೆಯಬೇಕಾದವರು ವಿದ್ಯಾರ್ಥಿಗಳೇ. ಕೇಳಿದರೆ ನಗುತ್ತಾರೆಂಬ ಅಂಜಿಕೆಯಿದ್ದಲ್ಲಿ ಶಾಸನವು ಕಾಗದದಲ್ಲಿಯೇ ಉಳಿಯುತ್ತದೆ.

ಈ ನಗುವನ್ನು ನಿಲ್ಲಿಸುವುದು ಮಾತ್ರ ಶಾಸನದ ಕೈಯಲ್ಲಿಲ್ಲ. ಅದು ಜೊತೆಯವರ ಕೈಯಲ್ಲಿದೆ. ಎನ್.ಸಿ.ಸಿ.ಯ ಮೈದಾನವಾಗಲಿ, ಕಾಲೇಜಿನ ಕಬಡ್ಡಿಯ ಅಂಕಣವಾಗಲಿ, ಬಿದ್ದ ಗೆಳೆಯನು ಎದ್ದು ಧೂಳು ಕೊಡವಿಕೊಂಡಾಗ ಚಪ್ಪಾಳೆ ತಟ್ಟುವ ಮೊದಲು ಅವನ ಬಳಿಗೆ ಹೋಗಿ ಕೂರಿಸಿ ವಿಚಾರಿಸುವವರು ಒಬ್ಬರಾದರೂ ಇರಬೇಕು. ತಿಂಗಳುಗಳ ಮೇಲೆ "ಇನ್ನೂ ನೋಯುತ್ತಿದೆ" ಎಂದು ಅವನು ಹೇಳಿದರೆ ಆ ಮಾತನ್ನು ನಂಬುವವರೂ ಇರಬೇಕು. ಕುದುರೆಯ ಹೆಜ್ಜೆಯಲ್ಲಿನ ಕುಂಟನ್ನು ಗುರುತಿಸಲು ಪಶುವೈದ್ಯನು ವರ್ಷಗಟ್ಟಲೆ ಕಲಿಯಬೇಕು. ಏಕೆಂದರೆ ಕುದುರೆ ತನ್ನ ನೋವನ್ನು ಹೇಳಲಾರದು. ಮನುಷ್ಯನು ಹೇಳಬಲ್ಲ. ಅವನು ಹೇಳುವಾಗ ಕೇಳುವುದಕ್ಕೆ ಯಾವ ಪದವಿಯೂ ಬೇಕಾಗಿಲ್ಲ.